ಸಾವಯವ ದ್ರಾವಣದಲ್ಲಿ ಲೆಟ್ಯೂಸ್: ಶಿರಸಿ, ಕಾರವಾರದ ಕಡೆ ಪದೇ ಪದೇ ಕೇಳುವ ಪ್ರಶ್ನೆಗಳು

ಮನೆ ಹಿಂದೆ, ತಾರಸಿ ಮೇಲೆ, ತೋಟದ ಅಂಚಿನಲ್ಲಿ ಮಣ್ಣಿಲ್ಲದೆ ಲೆಟ್ಯೂಸ್ ಬೆಳೆಯಲು ಹೊರಟವರು ಕೇಳುವ ಪ್ರಶ್ನೆಗಳು ಇಲ್ಲಿವೆ. ಅಂಗಡಿಯ ರಾಸಾಯನಿಕ ಪುಡಿ ಬೇಡ, ಹಿಂಡಿ, ಮೀನು, ಗೊಬ್ಬರದ ಸತ್ವದಿಂದಲೇ ಬೆಳೆಯಬೇಕು ಅನ್ನುವವರಿಗಾಗಿ ಬರೆದದ್ದು. ಪುಡಿ ಬಳಸುವವರಿಗೆ ಇದರಲ್ಲಿ ಅರ್ಧದಷ್ಟು ಮಾತ್ರ ಅನ್ವಯಿಸುತ್ತದೆ.

ನೀರಿಗೆ ಸಾವಯವ ಗೊಬ್ಬರ ಕಲಸಿ ಗಿಡ ಇಟ್ಟರೆ ಸಾಕಲ್ವಾ?

ಸಾಕಾಗುವುದಿಲ್ಲ. ಹೆಚ್ಚಿನವರು ಸೋಲುವುದು ಇಲ್ಲೇ.

ರಾಸಾಯನಿಕ ಪುಡಿಯಲ್ಲಿ ಸಾರಜನಕ ನೈಟ್ರೇಟ್ ರೂಪದಲ್ಲಿ ಸಿದ್ಧವಾಗಿರುತ್ತದೆ. ನೀರಿಗೆ ಹಾಕಿದ ಕೂಡಲೇ ಬೇರು ಹೀರಿಕೊಳ್ಳುತ್ತದೆ. ಹಿಂಡಿಯಲ್ಲಿ, ಮೀನಿನಲ್ಲಿ ಇರುವುದು ಪ್ರೋಟೀನು. ಅದು ಗಿಡಕ್ಕೆ ಹಾಗೇ ಸಿಗುವುದಿಲ್ಲ. ಮೊದಲು ಕೆಲವು ಸೂಕ್ಷ್ಮಾಣುಗಳು ಪ್ರೋಟೀನನ್ನು ಒಡೆದು ಅಮೋನಿಯಾ ಮಾಡಬೇಕು. ಆಮೇಲೆ ಇನ್ನೊಂದು ಗುಂಪು ಅಮೋನಿಯಾವನ್ನು ನೈಟ್ರೈಟ್ ಮಾಡಬೇಕು. ಮತ್ತೊಂದು ಗುಂಪು ಅದನ್ನು ನೈಟ್ರೇಟ್ ಮಾಡಬೇಕು. ಮಣ್ಣಿನಲ್ಲಿ ಈ ಕೆಲಸ ತಾನಾಗಿ ನಡೆಯುತ್ತದೆ. ಬರೀ ನೀರಿನಲ್ಲಿ ಈ ಜೀವಿಗಳಿಗೆ ಇರಲು ಜಾಗವಿಲ್ಲ, ಸಾಕಷ್ಟು ಗಾಳಿಯೂ ಇಲ್ಲ. ಹಾಗಾಗಿ ಹಿಂಡಿ ಕೊಳೆಯುತ್ತದೆ, ನೀರು ನಾರುತ್ತದೆ, ಬೇರು ಕಂದಾಗುತ್ತದೆ.

ಸಾವಯವ ದ್ರಾವಣದಲ್ಲಿ ನೀವು ಮೊದಲು ಸಾಕಬೇಕಾದದ್ದು ಈ ಸೂಕ್ಷ್ಮಾಣುಗಳನ್ನು. ಅವು ನೆಲೆಯಾದ ಮೇಲೆ ಲೆಟ್ಯೂಸ್ ಬೆಳೆಯುವುದು ಸುಲಭ. ಜಪಾನಿನ ಸಂಶೋಧಕರು ಇದೇ ದಾರಿ ಹಿಡಿದರು. ಮರದ ತೊಗಟೆಯ ಗೊಬ್ಬರದಿಂದ ಸೂಕ್ಷ್ಮಾಣುಗಳನ್ನು ನೀರಿಗೆ ಬಿಟ್ಟು, ಮೀನಿನ ಗೊಬ್ಬರವನ್ನು ದಿನಾ ಸ್ವಲ್ಪ ಸ್ವಲ್ಪವೇ ಹಾಕಿ, ಗಾಳಿ ಊದಿ, ನೀರಿನಲ್ಲೇ ನೈಟ್ರೇಟ್ ಮಾಡಿ ತೋರಿಸಿದರು. ಆ ಕೆಲಸ 2011ರಲ್ಲಿ ಪ್ರಕಟವಾಯಿತು.

ಆ ಸೂಕ್ಷ್ಮಾಣುಗಳನ್ನು ಎಲ್ಲಿಂದ ತರುವುದು? ಪ್ಯಾಕೆಟ್ ಸಿಗುತ್ತದಾ?

ಪ್ಯಾಕೆಟ್ ಸಿಗುತ್ತದೆ, ಆದರೆ ನಮ್ಮ ಕಡೆಯವರಿಗೆ ಅದರ ಅಗತ್ಯವಿಲ್ಲ. ಸೊಪ್ಪಿನ ಬೆಟ್ಟದಲ್ಲಿ ದರಕಿನ (ಉದುರಿದ ಒಣ ಎಲೆಯ) ಕೆಳಗೆ ಇರುತ್ತದಲ್ಲ, ಕಪ್ಪಗೆ, ಹುಡಿಹುಡಿಯಾಗಿ, ಮಳೆ ಬಿದ್ದ ಮಣ್ಣಿನ ವಾಸನೆಯದು, ಅದೇ ಸಾಕು. ಚೆನ್ನಾಗಿ ಕಳಿತ ಅಡಿಕೆ ಸಿಪ್ಪೆ ಗೊಬ್ಬರ ಅಥವಾ ಎರೆಗೊಬ್ಬರವೂ ಆಗುತ್ತದೆ. ಕೈಗೆ ಬಿಸಿ ತಾಗುವ, ಸಗಣಿ ವಾಸನೆ ಇನ್ನೂ ಇರುವ ಗೊಬ್ಬರ ಬೇಡ.

ಕ್ರಮ ಹೀಗೆ. 100 ಲೀಟರ್ ನೀರು ಇರುವ ಡ್ರಮ್ಮು, ಅದರ ಮೇಲೆ ಜಲ್ಲಿ ತುಂಬಿದ ತೊಟ್ಟಿ (ಇದರ ವಿವರ ಮುಂದಿನ ಪ್ರಶ್ನೆಯಲ್ಲಿದೆ). ಎರಡು ಮುಷ್ಟಿ ಗೊಬ್ಬರವನ್ನು ಹಳೆಯ ಪಂಚೆ ಬಟ್ಟೆಯಲ್ಲಿ ಗಂಟು ಕಟ್ಟಿ ನೀರಿಗೆ ಇಳಿಬಿಡಿ. ಪಂಪು ಓಡಿಸಿ, ನೀರು ಜಲ್ಲಿಯ ಮೂಲಕ ಸುತ್ತುತ್ತಿರಲಿ. ದಿನಾ ಒಂದು ಸಣ್ಣ ಚಮಚದಷ್ಟು, ಅಂದರೆ ಸುಮಾರು 5 ಗ್ರಾಂ ಶೇಂಗಾ ಹಿಂಡಿಯನ್ನು ನೆನೆಸಿ ಸೋಸಿ ಹಾಕಿ. ಗಿಡ ಇನ್ನೂ ಇಡಬೇಡಿ.

ಅಕ್ವೇರಿಯಂ ಸಾಮಾನು ಮಾರುವಲ್ಲಿ ಅಮೋನಿಯಾ, ನೈಟ್ರೈಟ್, ನೈಟ್ರೇಟ್ ಪರೀಕ್ಷೆಯ ಕಿಟ್ ಸಿಗುತ್ತದೆ. ಇದೊಂದು ಖರ್ಚು ಮಾತ್ರ ತಪ್ಪಿಸಬೇಡಿ. ಮೊದಲು ಅಮೋನಿಯಾ ಏರುತ್ತದೆ. ಆಮೇಲೆ ಅದು ಇಳಿದು ನೈಟ್ರೈಟ್ ಏರುತ್ತದೆ. ಕೊನೆಗೆ ಎರಡೂ ಸೊನ್ನೆಯ ಹತ್ತಿರ ಬಂದು ನೈಟ್ರೇಟ್ ಮಾತ್ರ ಉಳಿಯುತ್ತದೆ. ಇದಕ್ಕೆ ಎರಡರಿಂದ ನಾಲ್ಕು ವಾರ ಬೇಕು. ಶಿರಸಿಯ ಡಿಸೆಂಬರ್ ಚಳಿಯಲ್ಲಿ ಇನ್ನೂ ಜಾಸ್ತಿ ಹಿಡಿಯಬಹುದು, ಯಾಕೆಂದರೆ ಈ ಜೀವಿಗಳು ಚುರುಕಾಗಿರುವುದು 25ರಿಂದ 30 ಡಿಗ್ರಿಯಲ್ಲಿ. ಹಾಗಾಗಿ ಮಳೆಗಾಲ ಮುಗಿಯುವ ಹೊತ್ತಿಗೇ ಶುರು ಮಾಡುವುದು ಒಳ್ಳೆಯದು. ಬೀಜವನ್ನೂ ಆಗಲೇ ಹಾಕಿದರೆ ಸಸಿ ತಯಾರಾಗುವಾಗ ನೀರೂ ತಯಾರಾಗಿರುತ್ತದೆ.

ಪಿವಿಸಿ ಪೈಪಿನಲ್ಲಿ ಸಾಲಾಗಿ ಬೆಳೆಯುವುದನ್ನು ನೋಡಿದ್ದೇವೆ. ಅದನ್ನೇ ಮಾಡಬಹುದಾ?

ಸಾವಯವ ದ್ರಾವಣಕ್ಕೆ ಅದು ಒಳ್ಳೆಯ ಆಯ್ಕೆ ಅಲ್ಲ. ಪೈಪಿನ ತಳದಲ್ಲಿ ತೆಳ್ಳಗೆ ನೀರು ಹರಿಯುವ ಪದ್ಧತಿಯಲ್ಲಿ ಲೋಳೆ ಕಟ್ಟುತ್ತದೆ. ಸಣ್ಣ ತೂತುಗಳು, ಡ್ರಿಪ್ ನಳಿಗೆಗಳು ಕಟ್ಟಿಕೊಳ್ಳುತ್ತವೆ. ಸೂಕ್ಷ್ಮಾಣುಗಳಿಗೆ ಕೂರಲು ಜಾಗವೂ ಕಡಿಮೆ.

ಗಾಳಿ ಊದದೆ, ನಿಂತ ನೀರಿನ ಡಬ್ಬಿಯಲ್ಲಿ ಬೆಳೆಯುವ ಕ್ರಾಟ್ಕಿ ಪದ್ಧತಿ ಪುಡಿ ಗೊಬ್ಬರಕ್ಕೆ ತುಂಬಾ ಚೆನ್ನ. ಹಿಂಡಿ ನೀರಿಗೆ ಅದು ಆಗುವುದೇ ಇಲ್ಲ. ನಿಂತ ನೀರಿನಲ್ಲಿ ಇರುವ ಚೂರು ಆಮ್ಲಜನಕವನ್ನೂ ಕೊಳೆಯುವ ಹಿಂಡಿಯೇ ತಿಂದುಬಿಡುತ್ತದೆ.

ನಾನು ಹೇಳುವುದು ಜಲ್ಲಿ ತೊಟ್ಟಿ. ಒಂದು ಅಡಿ ಆಳದ ತೊಟ್ಟಿ ಅಥವಾ ಉದ್ದಕ್ಕೆ ಸೀಳಿದ ಡ್ರಮ್ಮು, ಅದರ ತುಂಬಾ 12ರಿಂದ 20 ಮಿ.ಮೀ. ಜಲ್ಲಿ. ಗಂಟೆಗೊಮ್ಮೆ 15 ನಿಮಿಷ ಪಂಪು ಓಡಿ ನೀರು ತುಂಬುತ್ತದೆ, ಆಮೇಲೆ ಪೂರ್ತಿ ಇಳಿದುಹೋಗುತ್ತದೆ. ನೀರು ಇಳಿಯುವಾಗ ಜಲ್ಲಿಯ ಸಂದಿಗೆಲ್ಲ ಹೊಸ ಗಾಳಿ ಎಳೆದುಕೊಳ್ಳುತ್ತದೆ. ಬೇರಿಗೆ, ಸೂಕ್ಷ್ಮಾಣುಗಳಿಗೆ ಇಬ್ಬರಿಗೂ ಬೇಕಾದದ್ದು ಅದೇ. ಸಸಿಯನ್ನು ನೇರವಾಗಿ ಜಲ್ಲಿಯಲ್ಲೇ ನೆಡಬಹುದು. ಒಂದೆರಡು ಮುಷ್ಟಿ ಎರೆಹುಳ ಬಿಟ್ಟರೆ ಸಂದಿಯಲ್ಲಿ ಕೂತ ಹಿಂಡಿ ಚೂರನ್ನು ಅವೇ ತಿಂದು ಮುಗಿಸುತ್ತವೆ.

ಜಾಗ ಕಡಿಮೆ ಇರುವವರು ತೆಂಗಿನ ನಾರಿನ ಪುಡಿ ತುಂಬಿದ ಕುಂಡಗಳಿಗೆ ದ್ರಾವಣ ಹೊಯ್ದರೂ ಆಗುತ್ತದೆ. ಕರಾವಳಿಯ ನಾರಿನಲ್ಲಿ ಉಪ್ಪು ಇರುತ್ತದೆ. ಮೂರು ನಾಲ್ಕು ಸಲ ಸಿಹಿನೀರಿನಲ್ಲಿ ತೊಳೆದ ಮೇಲೆ ಬಳಸಿ.

ಮನೆ ಕಟ್ಟಿದ ಚಿರೆಕಲ್ಲಿನ ಚೂರು ರಾಶಿ ಬಿದ್ದಿದೆ. ಜಲ್ಲಿ ಬದಲು ಅದು ನಡೆಯುತ್ತದಾ?

ಬೇಡ. ಚಿರೆಕಲ್ಲಿನಲ್ಲಿ ಕಬ್ಬಿಣ, ಅಲ್ಯೂಮಿನಿಯಂ ಜಾಸ್ತಿ. ಅವು ರಂಜಕವನ್ನು ಹಿಡಿದಿಟ್ಟುಕೊಂಡು ಗಿಡಕ್ಕೆ ಬಿಡುವುದಿಲ್ಲ. ನಮ್ಮ ಕೆಂಪು ಮಣ್ಣಿನಲ್ಲಿ ರಂಜಕದ ಕೊರತೆ ಕಾಣುವುದಕ್ಕೂ ಇದೇ ಕಾರಣ. ಕರಿಕಲ್ಲಿನ ಜಲ್ಲಿಯನ್ನೇ ತನ್ನಿ, ಧೂಳು ಹೋಗುವವರೆಗೆ ತೊಳೆಯಿರಿ.

ಎಷ್ಟು ಹಿಂಡಿ ಹಾಕಬೇಕು ಎಂದು ಲೆಕ್ಕ ಹಾಕುವುದು ಹೇಗೆ?

ಚೆನ್ನಾಗಿ ಬೆಳೆದ ಒಂದು ಲೆಟ್ಯೂಸ್ ಗಿಡ ಸುಮಾರು 200 ಗ್ರಾಂ ತೂಗುತ್ತದೆ. ಅದರಲ್ಲಿ 95 ಪಾಲು ನೀರು. ಒಣ ಅಂಶ 10 ಗ್ರಾಂ, ಅದರ ಶೇ. 4ರಷ್ಟು ಸಾರಜನಕ. ಅಂದರೆ ಒಂದು ಗಿಡಕ್ಕೆ 0.4 ಗ್ರಾಂ ಸಾರಜನಕ. 24 ಗಿಡ ಇಟ್ಟರೆ ಹೆಚ್ಚುಕಡಿಮೆ 10 ಗ್ರಾಂ.

ಶೇಂಗಾ ಹಿಂಡಿಯಲ್ಲಿ ಶೇ. 7ರಷ್ಟು ಸಾರಜನಕ ಇದೆ. 10 ಗ್ರಾಂ ಸಾರಜನಕಕ್ಕೆ 140 ಗ್ರಾಂ ಹಿಂಡಿ ಸಾಕು. ಆದರೆ ಸೋಸುವಾಗ ಉಳಿಯುವುದು, ಗಾಳಿಗೆ ಹೋಗುವುದು, ಸೂಕ್ಷ್ಮಾಣುಗಳ ಮೈಯಲ್ಲೇ ನಿಲ್ಲುವುದು ಎಲ್ಲ ಸೇರಿಸಿ 250 ಗ್ರಾಂ ಅಂದುಕೊಳ್ಳಿ. 40 ದಿನಕ್ಕೆ ಹಂಚಿದರೆ ದಿನಕ್ಕೆ 6 ಗ್ರಾಂ ಆಯಿತು. ಇಷ್ಟೇ ಬೇಕಾಗುವುದು! ಇದನ್ನು ಒಮ್ಮೆಲೇ ಸುರಿದರೆ ತೊಟ್ಟಿ ಕೆಡುತ್ತದೆ, ದಿನಾ ಹಾಕಿದರೆ ಗಿಡ ತಿನ್ನುತ್ತದೆ. ದಿನಾ ಹಾಕಲು ಪುರಸೊತ್ತಿಲ್ಲದವರು ಈ ಪದ್ಧತಿಗೆ ಕೈ ಹಾಕದಿರುವುದು ವಾಸಿ.

ಹಿಂಡಿಯನ್ನು ಪುಡಿ ಮಾಡಿ ಎರಡು ಮೂರು ದಿನ ನೀರಿನಲ್ಲಿ ನೆನೆಸಿ, ದಿನಕ್ಕೊಮ್ಮೆ ಅಲ್ಲಾಡಿಸಿ, ಬಟ್ಟೆಯಲ್ಲಿ ಸೋಸಿ. ಚರಟ ತೆಂಗಿನ ಬುಡಕ್ಕೆ ಹಾಕಿ. ಬೂಸಲು ಬಂದ ಹಿಂಡಿ ಬಳಸಬೇಡಿ. ನೈಟ್ರೇಟ್ ಲೀಟರಿಗೆ 50ರಿಂದ 150 ಮಿಲಿಗ್ರಾಂ ಒಳಗೆ ನಿಂತರೆ ಲೆಟ್ಯೂಸ್‌ಗೆ ಸಾಕು. ಏರುತ್ತಲೇ ಹೋದರೆ ಹಿಂಡಿ ಕಡಿಮೆ ಮಾಡಿ, ಅಮೋನಿಯಾ ಕಂಡರೆ ಒಂದೆರಡು ದಿನ ನಿಲ್ಲಿಸಿ.

ಪೊಟ್ಯಾಷ್, ಮೆಗ್ನೀಷಿಯಂ, ಕಬ್ಬಿಣಕ್ಕೆ ಏನು ಮಾಡುವುದು?

ಹಿಂಡಿಯಲ್ಲಿ ಪೊಟ್ಯಾಷ್ ಕಡಿಮೆ. ಸ್ನಾನದ ಹಂಡೆ ಒಲೆಯ ಬೂದಿಯಲ್ಲಿ ಅದು ಧಾರಾಳ. ಪ್ಲಾಸ್ಟಿಕ್ ಸುಟ್ಟ ಬೂದಿ ಆಗಿರಬಾರದು. ಒಂದು ಚಮಚ ಬೂದಿಯನ್ನು ಒಂದು ಲೀಟರ್ ನೀರಿನಲ್ಲಿ ಕದಡಿ, ತಿಳಿ ಬಸಿದು, 100 ಲೀಟರಿಗೆ ವಾರಕ್ಕೊಮ್ಮೆ ಹಾಕಿ. ಬೂದಿ ನೀರು ಪಿಎಚ್ (ನೀರು ಎಷ್ಟು ಹುಳಿ, ಎಷ್ಟು ಕ್ಷಾರ ಎಂಬ ಅಳತೆ) ಏರಿಸುತ್ತದೆ, ಹಾಗಾಗಿ ಅಳೆಯದೆ ಹಾಕಬೇಡಿ. ಮೆಗ್ನೀಷಿಯಂಗೆ ಎಪ್ಸಮ್ ಉಪ್ಪು ಒಂದು ಚಿಟಿಕೆ. ಕಬ್ಬಿಣದ್ದು ಸ್ವಲ್ಪ ಕಷ್ಟ. ಗಾಳಿ ಜಾಸ್ತಿ ಇರುವ ನೀರಿನಲ್ಲಿ ಅದು ತುಕ್ಕಾಗಿ ತಳ ಸೇರುತ್ತದೆ. ಎರೆಗೊಬ್ಬರದ ಕಂದು ತಿಳಿಯಲ್ಲಿರುವ ಹ್ಯೂಮಿಕ್ ಅಂಶ ಕಬ್ಬಿಣವನ್ನು ಕರಗಿದ ಸ್ಥಿತಿಯಲ್ಲಿ ಹಿಡಿದಿಡುತ್ತದೆ. ಆದ್ದರಿಂದ ಗೊಬ್ಬರದ ಗಂಟನ್ನು ತಿಂಗಳಿಗೊಮ್ಮೆ ಬದಲಿಸುತ್ತಿರಿ. ಇಷ್ಟಾದರೂ ಎಳೆ ಎಲೆ ಹಳದಿಯಾದರೆ, ಮನೆ ಬಳಕೆಗೆ ಬೆಳೆಯುವವರು ಒಂದು ಚಿಟಿಕೆ ಕಬ್ಬಿಣದ ಕೀಲೇಟ್ (ತುಕ್ಕಾಗದೆ ನೀರಿನಲ್ಲಿ ಕರಗಿಯೇ ಇರುವ ಕಬ್ಬಿಣದ ಗೊಬ್ಬರ) ಹಾಕುವುದರಲ್ಲಿ ತಪ್ಪಿಲ್ಲ ಎಂಬುದು ನನ್ನ ಅಭಿಪ್ರಾಯ.

ಜೀವಾಮೃತ ಹಾಕಬಹುದಾ? ತೋಟಕ್ಕೆ ಹೇಗೂ ಮಾಡುತ್ತೇವೆ.

ತೋಟಕ್ಕೆ ಹಾಕಿ, ಲೆಟ್ಯೂಸ್ ನೀರಿಗೆ ಬೇಡ. ಎರಡು ಕಾರಣ. ಜೀವಾಮೃತಕ್ಕೆ 200 ಲೀಟರ್ ನೀರಿಗೆ 10 ಕೆ.ಜಿ. ಸಗಣಿ, 2 ಕೆ.ಜಿ. ಬೆಲ್ಲ, 2 ಕೆ.ಜಿ. ದ್ವಿದಳ ಧಾನ್ಯದ ಹಿಟ್ಟು, ಗೋಮೂತ್ರ ಹಾಕುತ್ತೇವೆ. ಅಷ್ಟು ಬೆಲ್ಲ ನೀರಿಗೆ ಬಿದ್ದರೆ ಅದನ್ನು ತಿನ್ನುವ ಬ್ಯಾಕ್ಟೀರಿಯಾ ಒಮ್ಮೆಲೇ ಹೆಚ್ಚುತ್ತದೆ, ಆಮ್ಲಜನಕ ಮುಗಿಸುತ್ತದೆ, ಇದ್ದ ಸಾರಜನಕವನ್ನೂ ತನ್ನ ಮೈಗೆ ಎಳೆದುಕೊಳ್ಳುತ್ತದೆ. ನೈಟ್ರೇಟ್ ಮಾಡುವ ನಿಧಾನದ ಜೀವಿಗಳು ಹಿಂದೆ ಬೀಳುತ್ತವೆ.

ಎರಡನೆಯದು ಇನ್ನೂ ಮುಖ್ಯ. ಲೆಟ್ಯೂಸ್ ಬೇಯಿಸದೆ ತಿನ್ನುವ ಸೊಪ್ಪು. ಹಸಿ ಸಗಣಿಯಲ್ಲಿ ಇ. ಕೊಲೈ, ಸಾಲ್ಮೊನೆಲ್ಲಾ ಇರಬಹುದು. ಬಸಳೆ ಆದರೆ ಹುಳಿಗೆ ಹಾಕಿ ಕುದಿಸುತ್ತೀರಿ, ಇದನ್ನು ಹಾಗೇ ಬಾಯಿಗೆ ಹಾಕುತ್ತೀರಿ.

ಗೋಬರ್ ಗ್ಯಾಸ್ ಸ್ಲರಿ?

ಅದೇ ಕಾರಣಕ್ಕೆ ಬೇಡ. ಸ್ಲರಿಯಲ್ಲಿ ಅಮೋನಿಯಾ ರೂಪದ ಸಾರಜನಕ ಒಳ್ಳೆಯ ಪ್ರಮಾಣದಲ್ಲಿದೆ, ನಿಜ. ಆದರೆ ಮನೆಯ ಗ್ಯಾಸ್ ಗುಂಡಿಯ ಬಿಸಿ ರೋಗಾಣುಗಳನ್ನು ಪೂರ್ತಿ ಕೊಲ್ಲುವಷ್ಟು ಇರುವುದಿಲ್ಲ. ಸ್ಲರಿಯನ್ನು ಅಡಿಕೆ ಸಿಪ್ಪೆ ಜೊತೆ ಹಾಕಿ ಚೆನ್ನಾಗಿ ಕಳಿಸಿದ ಗೊಬ್ಬರ ಬೇರೆ ಮಾತು.

ಕಾರವಾರದಲ್ಲಿ ಮೀನಿನ ತಲೆ, ಕರುಳು ಬೇಕಾದಷ್ಟು ಸಿಗುತ್ತದೆ. ಅದರಿಂದ ಮಾಡಬಹುದಲ್ವಾ?

ಖಂಡಿತ ಮಾಡಬಹುದು, ಮೀನು ಸಾರಜನಕಕ್ಕೂ ರಂಜಕಕ್ಕೂ ಒಳ್ಳೆಯದು. ಮೀನಿನ ಕಸ ಮತ್ತು ಬೆಲ್ಲವನ್ನು ಸಮತೂಕ ಹಾಕಿ, ಮುಚ್ಚಿದ ಡಬ್ಬಿಯಲ್ಲಿ ನೆರಳಿನಲ್ಲಿ ಮೂರು ನಾಲ್ಕು ವಾರ ಇಡುತ್ತಾರೆ. ಬಂಗುಡೆ, ತಾರ್ಲೆ ಎಣ್ಣೆ ಮೀನು. ಮೇಲೆ ತೇಲುವ ಎಣ್ಣೆಯನ್ನು ತೆಗೆದುಬಿಡಿ, ಇಲ್ಲದಿದ್ದರೆ ಅದು ನೀರಿನ ಮೇಲೆ ಪದರ ಕಟ್ಟಿ ಗಾಳಿ ತಡೆಯುತ್ತದೆ. ಸೋಸಿದ ರಸವನ್ನು 100 ಲೀಟರಿಗೆ ದಿನಕ್ಕೆ 10 ಮಿ.ಲೀ. ಇಂದ ಶುರು ಮಾಡಿ. ಇದರಲ್ಲೂ ಬೆಲ್ಲ ಇರುವುದರಿಂದ ಹಿಂಡಿಗಿಂತ ಹುಷಾರಾಗಿ ಹಾಕಬೇಕು. ಸಮುದ್ರದ ನೀರಿನಲ್ಲಿ ತೊಳೆದ ಮೀನನ್ನು ಮತ್ತೊಮ್ಮೆ ಸಿಹಿನೀರಿನಲ್ಲಿ ತೊಳೆಯಿರಿ. ಉಪ್ಪು ಹಾಕಿ ಒಣಗಿಸಿದ ಮೀನಂತೂ ಬೇಡವೇ ಬೇಡ.

ಬೇವಿನ ಹಿಂಡಿ ಹಾಕಿದರೆ ಹುಳವೂ ಬರುವುದಿಲ್ಲ, ಗೊಬ್ಬರವೂ ಆಗುತ್ತದೆ ಅಂತಾರೆ.

ಮಣ್ಣಿನಲ್ಲಿ ಸರಿ. ನಮ್ಮ ತೊಟ್ಟಿಯಲ್ಲಿ ಬೇವಿನ ಹಿಂಡಿ ನೇರ ವಿರೋಧಿ. ಅಮೋನಿಯಾ ನೈಟ್ರೇಟ್ ಆಗುವುದನ್ನು ಬೇವು ತಡೆಯುತ್ತದೆ. ಯೂರಿಯಾಕ್ಕೆ ಬೇವಿನ ಎಣ್ಣೆ ಲೇಪಿಸುವುದೂ ಇದಕ್ಕೇ. ನಮಗೆ ನೈಟ್ರೇಟ್ ಬೇಗ ಆಗಬೇಕು.

ಪಿಎಚ್ ಎಷ್ಟಿರಬೇಕು? ವಾರ ವಾರ ಇಳಿಯುತ್ತಿದೆ, ಯಾಕೆ?

ಪುಡಿ ಗೊಬ್ಬರದಲ್ಲಿ ಲೆಟ್ಯೂಸ್‌ಗೆ 5.5ರಿಂದ 6.5 ಹೇಳುತ್ತಾರೆ. ನೈಟ್ರೇಟ್ ಮಾಡುವ ಜೀವಿಗಳಿಗೆ 7ರ ಮೇಲೆ ಇಷ್ಟ. ಇಬ್ಬರಿಗೂ ಒಪ್ಪುವುದು 6.3ರಿಂದ 6.8.

ಇಳಿಯುವುದಕ್ಕೆ ಕಾರಣ ನಿಮ್ಮ ಸೂಕ್ಷ್ಮಾಣುಗಳು ಕೆಲಸ ಮಾಡುತ್ತಿರುವುದೇ. ಅಮೋನಿಯಾ ನೈಟ್ರೇಟ್ ಆಗುವಾಗ ಆಮ್ಲ ಹುಟ್ಟುತ್ತದೆ. 1 ಗ್ರಾಂ ಸಾರಜನಕಕ್ಕೆ ಸುಮಾರು 7 ಗ್ರಾಂ ಸುಣ್ಣಕಲ್ಲಿನಷ್ಟು ಕ್ಷಾರ ಖರ್ಚಾಗುತ್ತದೆ. ಘಟ್ಟದ ಬಾವಿ ನೀರು ಬಹಳ ಮೆದು, ಅದರಲ್ಲಿ ಸುಣ್ಣದ ಅಂಶವೇ ಇಲ್ಲ ಅನ್ನುವಷ್ಟು ಕಡಿಮೆ. ತಡೆಯಲು ಏನೂ ಇಲ್ಲದೆ ಪಿಎಚ್ ಕೆಳಗೆ ಬೀಳುತ್ತದೆ. 6ಕ್ಕಿಂತ ಕೆಳಗೆ ಹೋದರೆ ಆ ಜೀವಿಗಳು ನಿಧಾನವಾಗಿ ಕೆಲಸ ನಿಲ್ಲಿಸುತ್ತವೆ.

ಇದಕ್ಕೆ ನಮ್ಮ ಕರಾವಳಿಯಲ್ಲೇ ಪರಿಹಾರ ಇದೆ: ಬಳಚಿನ ಚಿಪ್ಪು. ಅಘನಾಶಿನಿ, ಕಾಳಿ ಅಳಿವೆಗಳಲ್ಲಿ ಹೆಕ್ಕಿದ ಬಳಚು ತಿಂದ ಮೇಲೆ ಚಿಪ್ಪು ಬಿಸಾಡುತ್ತಾರೆ. ಅದನ್ನು ಉಪ್ಪು, ಮಾಂಸ ಹೋಗುವಂತೆ ಚೆನ್ನಾಗಿ ತೊಳೆದು ಬಿಸಿಲಲ್ಲಿ ಒಣಗಿಸಿ. ಒರಳಿಗೆ ಹಾಕಿ ಉಗುರಿನಷ್ಟು ಚೂರು ಮಾಡಿ. ಈರುಳ್ಳಿ ಬರುವ ಕೆಂಪು ಬಲೆ ಚೀಲ ಇದೆಯಲ್ಲ, ಅದರಲ್ಲಿ ತುಂಬಿ ನೀರು ಬೀಳುವ ಜಾಗದಲ್ಲಿ ನೇತುಹಾಕಿ. ನೀರು ಹುಳಿಯಾದಷ್ಟು ಚಿಪ್ಪು ಕರಗುತ್ತದೆ, 7ರ ಹತ್ತಿರ ಬಂದರೆ ಕರಗುವುದು ತಾನೇ ನಿಧಾನವಾಗುತ್ತದೆ. ಕರಗಿದಾಗ ಲೆಟ್ಯೂಸ್‌ಗೆ ತುಂಬಾ ಬೇಕಾದ ಕ್ಯಾಲ್ಸಿಯಂ ಸಿಗುತ್ತದೆ. ಕೆಲವು ತಿಂಗಳಾದ ಮೇಲೆ ಚೀಲ ತೆಗೆದು ನೋಡಿ: ಚೂರುಗಳ ಅಂಚು ಮೊಂಡಾಗಿ, ಮೈ ಸೀಮೆಸುಣ್ಣದ ಹಾಗೆ ಬೆಳ್ಳಗೆ ಮಾಸಲಾಗಿ, ಬೆರಳಿಗೆ ಹಿಟ್ಟು ತಾಗುತ್ತದೆ. ಆಗ ಹೊಸ ಚಿಪ್ಪು ಸೇರಿಸಿ. ಚಿಪ್ಪು ಸುಟ್ಟು ಮಾಡಿದ ಸುಣ್ಣವನ್ನು ಮಾತ್ರ ನೀರಿಗೆ ಹಾಕಬೇಡಿ, ಅದು ಬಹಳ ಕ್ಷಾರ, ಪಿಎಚ್ ಒಮ್ಮೆಲೇ ಹಾರುತ್ತದೆ.

ಪಿಎಚ್ ಜಾಸ್ತಿ ಇದ್ದರೆ ಮುರುಗಲು ಹುಳಿಯೋ ನಿಂಬೆಯೋ ಹಿಂಡಬಹುದಾ?

ಹಿಂಡಬಹುದು, ಆದರೆ ನಿಲ್ಲುವುದಿಲ್ಲ. ಆ ಹುಳಿಯನ್ನು ಸೂಕ್ಷ್ಮಾಣುಗಳು ಒಂದೆರಡು ದಿನದಲ್ಲಿ ತಿಂದುಬಿಡುತ್ತವೆ, ಪಿಎಚ್ ಮತ್ತೆ ಮೇಲೆ ಬರುತ್ತದೆ. ಸುಮ್ನೆ ಕಾಯುವುದು ಒಳ್ಳೆಯದು, ನೈಟ್ರೇಟ್ ಆಗುತ್ತಾ ಹೋದ ಹಾಗೆ ಅದೇ ಇಳಿಯುತ್ತದೆ.

ಇಸಿ (ನೀರಿನ ವಿದ್ಯುತ್ ವಾಹಕತೆ) ಮೀಟರ್ ಕಡಿಮೆ ತೋರಿಸುತ್ತಿದೆ. ಇನ್ನಷ್ಟು ಹಿಂಡಿ ಹಾಕಲಾ?

ಹಾಕಬೇಡಿ. ಮೀಟರ್ ಅಳೆಯುವುದು ನೀರಿನಲ್ಲಿ ಕರಗಿದ ಲವಣಗಳನ್ನು ಮಾತ್ರ. ಇನ್ನೂ ಒಡೆಯದ ಪ್ರೋಟೀನು ಅದಕ್ಕೆ ಕಾಣಿಸುವುದೇ ಇಲ್ಲ. ನಿನ್ನೆ ಹಾಕಿದ ಹಿಂಡಿ ಇವತ್ತಿನ ಇಸಿಯಲ್ಲಿ ಇಲ್ಲ, ಮುಂದಿನ ವಾರ ಬರುತ್ತದೆ. ಪುಡಿ ಗೊಬ್ಬರದಲ್ಲಿ ಲೆಟ್ಯೂಸ್‌ಗೆ 0.8ರಿಂದ 1.6 ಇಸಿ (mS/cm) ಹೇಳುತ್ತಾರೆ. ಸಾವಯವದಲ್ಲಿ ಅದಕ್ಕಿಂತ ಕಡಿಮೆಯಲ್ಲೂ ಚೆನ್ನಾಗಿ ಬೆಳೆಯುತ್ತದೆ, ದಿನಾ ಹೊಸದಾಗಿ ಬರುತ್ತಿರುತ್ತದಲ್ಲ. ಇಸಿ ಮೀಟರ್ ಬೇರೆ ಕೆಲಸಕ್ಕೆ ಬೇಕು, ಉಪ್ಪು ಸೇರುತ್ತಿದೆಯಾ ಎಂದು ನೋಡಲು. ಸಮುದ್ರದ ಹತ್ತಿರದ ಬಾವಿಗಳು ಏಪ್ರಿಲ್, ಮೇ ತಿಂಗಳಲ್ಲಿ ಉಪ್ಪಾಗುತ್ತವೆ. ಬರೀ ಬಾವಿ ನೀರೇ 0.8 ತೋರಿಸಿದರೆ ಆ ನೀರು ಲೆಟ್ಯೂಸ್‌ಗೆ ಬೇಡ. ಮಳೆ ನೀರು ಹಿಡಿದಿಟ್ಟುಕೊಂಡವರು ಆಗ ಗೆಲ್ಲುತ್ತಾರೆ.

ಯಾವ ತಿಂಗಳು, ಯಾವ ತಳಿ?

ಲೆಟ್ಯೂಸ್‌ಗೆ ಹಿತವಾದ ಹವೆ 15ರಿಂದ 22 ಡಿಗ್ರಿ. ಘಟ್ಟದ ಮೇಲೆ ಶಿರಸಿ, ಸಿದ್ದಾಪುರ, ಯಲ್ಲಾಪುರದವರಿಗೆ ಅಕ್ಟೋಬರ್ ಕೊನೆಯಿಂದ ಫೆಬ್ರವರಿವರೆಗೆ ಚೆನ್ನಾಗಿ ಬರುತ್ತದೆ. ಕಾರವಾರ, ಅಂಕೋಲಾ, ಕುಮಟಾದಲ್ಲಿ ನವೆಂಬರ್ ಮಧ್ಯದಿಂದ ಫೆಬ್ರವರಿ ಮೊದಲ ವಾರದವರೆಗೆ ಮಾತ್ರ ನಂಬಬಹುದು. ಮಾರ್ಚ್ ಬಂದ ಮೇಲೆ ಕರಾವಳಿಯಲ್ಲಿ ಹಠ ಹಿಡಿಯಬೇಡಿ. ಅದೇ ತೊಟ್ಟಿಯಲ್ಲಿ ಬಸಳೆ, ಹರಿವೆ ಹಾಕಿ, ಸೂಕ್ಷ್ಮಾಣುಗಳೂ ಜೀವಂತ ಇರುತ್ತವೆ.

ಮಳೆಗಾಲದಲ್ಲಿ ಶಿರಸಿ ತಂಪೇನೋ ಹೌದು, ಬಿಸಿಲಿಲ್ಲ. ಗಿಡ ಉದ್ದುದ್ದ ಎಳೆದು ಬಲವಿಲ್ಲದೆ ಬೀಳುತ್ತದೆ. ಬೆಳಕು ಕಡಿಮೆಯಾದಾಗ ಎಲೆಯಲ್ಲಿ ನೈಟ್ರೇಟ್ ಕೂಡ ಜಾಸ್ತಿ ಉಳಿಯುತ್ತದೆ. ಪಾರದರ್ಶಕ ಮಾಡು ಇದ್ದರೆ ಮಾತ್ರ ಪ್ರಯತ್ನಿಸಿ. ಅಡಿಕೆ ಮರಗಳ ನಡುವೆ ಜಾಗ ಇದೆ ಎಂದು ಅಲ್ಲಿ ಇಡುವವರಿದ್ದಾರೆ. ಅಲ್ಲಿನ ನೆರಳು ಏಲಕ್ಕಿಗೆ ಸರಿ, ಇದಕ್ಕೆ ದಿನಕ್ಕೆ ಐದಾರು ಗಂಟೆ ಬಿಸಿಲು ಬೇಕು.

ತಳಿಯಲ್ಲಿ ಗ್ರ್ಯಾಂಡ್ ರ‍್ಯಾಪಿಡ್ಸ್‌ನಂಥ ಬಿಡಿ ಎಲೆಯವು, ಲೊಲ್ಲೊ ರೊಸ್ಸೊ, ಬಟಾವಿಯಾ ಜಾತಿ. ಬಟಾವಿಯಾ ಸೆಕೆ ತಡೆಯುವುದರಲ್ಲಿ ಮುಂದು, ಕರಾವಳಿಯವರು ಅದನ್ನೇ ನೋಡಿ. ಎಲೆಕೋಸಿನಂತೆ ಗಡ್ಡೆ ಕಟ್ಟುವ ಐಸ್‌ಬರ್ಗ್ ನಮ್ಮ ಹವೆಗೆ ಕಷ್ಟ.

ಬೀಜ ಮೊಳೆಯುತ್ತಲೇ ಇಲ್ಲ.

ಸೆಕೆ ಇರಬೇಕು. 27, 28 ಡಿಗ್ರಿ ದಾಟಿದರೆ ಲೆಟ್ಯೂಸ್ ಬೀಜ ನಿದ್ದೆ ಹೋಗುತ್ತದೆ. ಒದ್ದೆ ಬಟ್ಟೆಯಲ್ಲಿ ಸುತ್ತಿ ಎರಡು ಮೂರು ದಿನ ಫ್ರಿಜ್ಜಿನ ಕೆಳಗಿನ ಖಾನೆಯಲ್ಲಿಟ್ಟು ಆಮೇಲೆ ಬಿತ್ತಿ. ಆಳಕ್ಕೆ ಹಾಕಬೇಡಿ, ಮೊಳೆಯಲು ಬೆಳಕು ಬೇಕು. ಮೇಲೆ ಉದುರಿಸಿ ಒತ್ತಿದರೆ ಸಾಕು. ಎರಡು ಮೂರು ವಾರಕ್ಕೆ ನಾಲ್ಕು ಎಲೆ ಬರುತ್ತದೆ, ಆಗ 20 ಸೆಂ.ಮೀ. ಅಂತರದಲ್ಲಿ ನೆಡಿ.

ಕರೆಂಟು ಹೋದರೆ?

ನಮ್ಮಲ್ಲಿ ಮಳೆ ಗಾಳಿಗೆ ಮರ ಬಿದ್ದರೆ ಕರೆಂಟು ಯಾವಾಗ ಬರುತ್ತದೆ ಎಂದು ಹೇಳಲು ಬರುವುದಿಲ್ಲ. ಜಲ್ಲಿ ತೊಟ್ಟಿಗೆ ಇದೇ ದೊಡ್ಡ ಬಲ. ನೀರು ಇಳಿದರೂ ಜಲ್ಲಿ ಒದ್ದೆ ಇರುತ್ತದೆ, ಗಾಳಿ ತುಂಬಿರುತ್ತದೆ, ಕೆಲವು ಗಂಟೆ ಏನೂ ಆಗುವುದಿಲ್ಲ. ತುಂಬಾ ಹೊತ್ತಾದರೆ ಬೆಳಿಗ್ಗೆ ಸಂಜೆ ಒಂದೊಂದು ಕೊಡ ಅದೇ ನೀರನ್ನು ಎಲೆಗೆ ತಾಗದಂತೆ ಜಲ್ಲಿಯ ಮೇಲೆ ಹೊಯ್ಯಿರಿ. ಕರೆಂಟಿಲ್ಲದ ದಿನ ಹಿಂಡಿ ಹಾಕಬೇಡಿ. ಬೇರು ನೀರಿನಲ್ಲೇ ಮುಳುಗಿರುವ ಪದ್ಧತಿಯವರು ಬ್ಯಾಟರಿಯ ಏರ್ ಪಂಪು ಇಟ್ಟುಕೊಳ್ಳಲೇಬೇಕು.

ನೀರು ನಾರುತ್ತಿದೆ.

ಒಳ್ಳೆಯ ತೊಟ್ಟಿಯ ನೀರು ಕಂದು ಬಣ್ಣದ್ದಾದರೂ ಕಾಡಿನ ಮಣ್ಣಿನ ವಾಸನೆಯದು. ಕೊಳೆತ ಮೊಟ್ಟೆ ವಾಸನೆ ಬಂದರೆ ಆಮ್ಲಜನಕ ಮುಗಿದಿದೆ ಎಂದರ್ಥ. ಹಿಂಡಿ ನಿಲ್ಲಿಸಿ, ಅರ್ಧ ನೀರು ಬದಲಿಸಿ, ಪಂಪು ಸತತ ಓಡಿಸಿ. ತಳದ ಕೆಸರು ತೆಗೆಯಿರಿ. ಸೆಕೆಯಲ್ಲಿ ಇದು ಜಾಸ್ತಿ. 20 ಡಿಗ್ರಿಯಲ್ಲಿ ಲೀಟರ್ ನೀರು 9 ಮಿಲಿಗ್ರಾಂ ಆಮ್ಲಜನಕ ಹಿಡಿದರೆ, 30 ಡಿಗ್ರಿಯಲ್ಲಿ 7.5 ಮಾತ್ರ. 1 ಗ್ರಾಂ ಅಮೋನಿಯಾ ಸಾರಜನಕ ನೈಟ್ರೇಟ್ ಆಗಲು ನಾಲ್ಕೂವರೆ ಗ್ರಾಂ ಆಮ್ಲಜನಕ ಬೇಕು. ಡ್ರಮ್ಮನ್ನು ಅರ್ಧ ನೆಲದಲ್ಲಿ ಹೂಳಿ, ಅಥವಾ ಒದ್ದೆ ಗೋಣಿ ಸುತ್ತಿ ನೆರಳಿನಲ್ಲಿಡಿ.

ಎಲೆಯ ಅಂಚು ಸುಟ್ಟ ಹಾಗಾಗಿದೆ. ಇನ್ನು ಕೆಲವು ಗಿಡ ಹಳದಿ.

ಒಳಗಿನ ಎಳೆ ಎಲೆಗಳ ತುದಿ ಕಂದಾದರೆ ಕ್ಯಾಲ್ಸಿಯಂ ಅಲ್ಲಿಗೆ ತಲುಪಿಲ್ಲ. ನೀರಿನಲ್ಲಿ ಕ್ಯಾಲ್ಸಿಯಂ ಇದ್ದರೂ ಹೀಗಾಗಬಹುದು. ಗಾಳಿಯಲ್ಲಿ ತೇವ ಜಾಸ್ತಿ ಇದ್ದಾಗ ಎಲೆ ನೀರು ಬಿಡುವುದಿಲ್ಲ, ನೀರಿನ ಜೊತೆ ಮೇಲೆ ಹೋಗಬೇಕಾದ ಕ್ಯಾಲ್ಸಿಯಂ ಕೆಳಗೇ ನಿಲ್ಲುತ್ತದೆ. ಕರಾವಳಿಯಲ್ಲಿ ಒಂದು ಸಣ್ಣ ಫ್ಯಾನು ಚಿಪ್ಪಿನಷ್ಟೇ ಉಪಕಾರ ಮಾಡುತ್ತದೆ.

ಹಳೆ ಎಲೆ ಹಳದಿ ಅಂದರೆ ಸಾರಜನಕ ಸಾಲದು. ಎಳೆ ಎಲೆ ಹಳದಿ, ನರ ಮಾತ್ರ ಹಸಿರು ಅಂದರೆ ಕಬ್ಬಿಣ ಸಾಲದು.

ಕಹಿಯಾಯಿತು, ನಡುವೆ ದಂಟು ಎದ್ದಿದೆ.

ಸೆಕೆಗೆ ಹೂ ಬಿಡಲು ಹೊರಟಿದೆ. ಹಿಂದೆ ತಿರುಗಿಸಲು ಬರುವುದಿಲ್ಲ. ಕಹಿ ಸ್ವಲ್ಪವೇ ಇದ್ದರೆ ಬಾಡಿಸಿ, ಕಾಯಿ, ಜೀರಿಗೆ ಜೊತೆ ಬೀಸಿ, ಮಜ್ಜಿಗೆ ಹಾಕಿ ತಂಬುಳಿ ಮಾಡಿ, ರುಚಿಯಾಗಿರುತ್ತದೆ.

ಹುಳ, ಸೊಳ್ಳೆ, ಮಂಗ?

ಸಸ್ಯಹೇನಿಗೆ ನೀರು ರಭಸವಾಗಿ ಚಿಮುಕಿಸಿ ತೊಳೆಯಿರಿ. ಬಸವನಹುಳುವನ್ನು ರಾತ್ರಿ ಬ್ಯಾಟರಿ ಹಿಡಿದು ಹೆಕ್ಕಬೇಕು, ಬೇರೆ ಸುಲಭ ದಾರಿ ಇಲ್ಲ. ಡ್ರಮ್ಮಿನ ಬಾಯಿಗೆ ಸೊಳ್ಳೆ ಪರದೆ ಬಟ್ಟೆ ಬಿಗಿಯಾಗಿ ಕಟ್ಟಿ, ಇದನ್ನು ಮರೆತರೆ ಮನೆಯವರಿಗೇ ತೊಂದರೆ. ಮಂಗ ಬರುವ ಊರಾದರೆ ತಂತಿ ಬಲೆಯ ಮನೆ ಮೊದಲು, ಲೆಟ್ಯೂಸ್ ಆಮೇಲೆ. ಪ್ಲಾಸ್ಟಿಕ್ ನೆಟ್ಟನ್ನು ಅವು ಹರಿದುಹಾಕುತ್ತವೆ.

ಇದನ್ನು ಹಸಿಯಾಗಿ ತಿನ್ನುವುದು ಸುರಕ್ಷಿತವಾ?

ಹಸಿ ಸಗಣಿ ಮುಟ್ಟಿಸದೆ, ದ್ರಾವಣ ಎಲೆಗೆ ತಾಗದಂತೆ ಬೆಳೆದರೆ ಹೌದು. ಜಲ್ಲಿಯ ಮೇಲಿನ ಒಂದು ಇಂಚು ಯಾವಾಗಲೂ ಒಣಗಿರುವಂತೆ ನೀರಿನ ಮಟ್ಟ ಇಡಿ. ಕೊಯ್ಯುವ ಮೊದಲು ಕೈ ತೊಳೆಯಿರಿ, ಕೊಯ್ದ ಮೇಲೆ ಕುಡಿಯುವ ನೀರಿನಲ್ಲಿ ಎಲೆ ಎಲೆ ಬಿಡಿಸಿ ತೊಳೆಯಿರಿ. ಇಲಿ, ಬೆಕ್ಕು ತೊಟ್ಟಿಗೆ ಬರದಂತೆ ನೋಡಿಕೊಳ್ಳಿ.

‘ಸಾವಯವ’ ಎಂದು ಲೇಬಲ್ ಹಾಕಿ ಮಾರಬಹುದಾ?

ಅವಸರ ಮಾಡಬೇಡಿ. ಮಣ್ಣಿಲ್ಲದೆ ಬೆಳೆದದ್ದನ್ನು ಸಾವಯವ ಅನ್ನಬೇಕೋ ಬೇಡವೋ ಎಂಬುದರಲ್ಲಿ ದೇಶ ದೇಶಕ್ಕೆ ಭಿನ್ನಾಭಿಪ್ರಾಯ ಇದೆ. ಯುರೋಪಿನ ನಿಯಮ ಒಪ್ಪುವುದಿಲ್ಲ, ಅಮೆರಿಕದಲ್ಲಿ ಪ್ರಮಾಣಪತ್ರ ಸಿಗುತ್ತದೆ. ನಮ್ಮಲ್ಲಿ ಲೇಬಲ್ ಹಾಕುವ ಮೊದಲು ಪ್ರಮಾಣೀಕರಣ ಸಂಸ್ಥೆಯನ್ನೇ ಕೇಳಿ. ಅಲ್ಲಿಯವರೆಗೆ ‘ಹಿಂಡಿ ಮತ್ತು ಮೀನಿನ ಗೊಬ್ಬರದಲ್ಲಿ, ಮಣ್ಣಿಲ್ಲದೆ ಬೆಳೆದದ್ದು’ ಎಂದು ನೇರವಾಗಿ ಬರೆಯಿರಿ. ಗಿರಾಕಿಗೆ ಬೇಕಾದ ವಿಷಯ ಅದರಲ್ಲೇ ಇದೆ.

ಹರಿವೆ, ಬಸಳೆ ಇರುವ ಊರಿನಲ್ಲಿ ಇದನ್ನು ಕೊಳ್ಳುವವರು ಯಾರು?

ಗೋಕರ್ಣದ ಕೆಫೆಗಳು, ಮುರುಡೇಶ್ವರ, ದಾಂಡೇಲಿಯ ರೆಸಾರ್ಟುಗಳು, ಕಾರವಾರದಾಚೆ ಗೋವಾ. ಗೋಕರ್ಣಕ್ಕೆ ಹೊರಗಿನವರು ಜಾಸ್ತಿ ಬರುವುದು ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ, ನಮ್ಮ ಲೆಟ್ಯೂಸ್ ಕಾಲವೂ ಹೆಚ್ಚುಕಡಿಮೆ ಅದೇ. ಬಿತ್ತುವ ಮೊದಲೇ ಅಡುಗೆಮನೆಯವರ ಹತ್ತಿರ ಮಾತಾಡಿ, ವಾರಕ್ಕೆ ಎಷ್ಟು ಬೇಕೆಂದು ಕೇಳಿ, ಅಷ್ಟನ್ನೇ ವಾರ ವಾರ ಬಿತ್ತಿ. ಒಮ್ಮೆಲೇ ಎಲ್ಲ ಬಿತ್ತಿದರೆ ಒಮ್ಮೆಲೇ ಕೊಯ್ಲಿಗೆ ಬಂದು ಮಾರಲಾಗದೆ ಉಳಿಯುತ್ತದೆ.

ಯಾವಾಗ ಕೊಯ್ಯಬೇಕು, ಎಷ್ಟು ದಿನ ಇರುತ್ತದೆ?

ನೆಟ್ಟ ಮೇಲೆ 35ರಿಂದ 45 ದಿನ. ಪುಡಿ ಗೊಬ್ಬರದವರಿಗಿಂತ ಒಂದು ವಾರ ಜಾಸ್ತಿ ಹಿಡಿಯಬಹುದು. ಮನೆಗೆ ಬೇಕಾದರೆ ಹೊರಗಿನ ಎಲೆಗಳನ್ನು ಮಾತ್ರ ಬಿಡಿಸುತ್ತಾ ಹೋಗಿ, ಒಳಗಿಂದ ಮತ್ತೆ ಬರುತ್ತದೆ. ಮಾರುವುದಕ್ಕಾದರೆ ಬೇರು ಸಮೇತ ಕೀಳಿ, ಬೇರಿಗೆ ಒದ್ದೆ ಬಟ್ಟೆ ಸುತ್ತಿದರೆ ಗೋಕರ್ಣ ತಲುಪುವವರೆಗೆ ಬಾಡುವುದಿಲ್ಲ. ದೂರದ ಗಿರಾಕಿಗೆ ಬೆಳಗಿನ ತಂಪಿನಲ್ಲಿ ಕೊಯ್ಯಿರಿ, ಎಲೆ ಗಟ್ಟಿಯಾಗಿರುತ್ತದೆ. ಮನೆಯ ಊಟಕ್ಕೆ ಸಂಜೆ ಕೊಯ್ಯುವುದು ಒಳ್ಳೆಯದು, ದಿನದ ಬಿಸಿಲಿಗೆ ಎಲೆಯ ನೈಟ್ರೇಟ್ ಖರ್ಚಾಗಿರುತ್ತದೆ. ತೊಳೆದು, ನೀರು ಪೂರ್ತಿ ಬಸಿದು, ಬಟ್ಟೆ ಸುತ್ತಿ ಡಬ್ಬಿಯಲ್ಲಿ ಫ್ರಿಜ್ಜಿನಲ್ಲಿಟ್ಟರೆ ಐದಾರು ದಿನ ಗರಿಗರಿಯಾಗಿರುತ್ತದೆ. ಬಾಳೆಹಣ್ಣು, ಮಾವಿನಹಣ್ಣಿನ ಪಕ್ಕ ಇಡಬೇಡಿ, ಅವು ಬಿಡುವ ಎಥಿಲೀನ್‌ಗೆ ಎಲೆಯ ಮೇಲೆ ಕಂದು ಚುಕ್ಕೆ ಬರುತ್ತದೆ.